ಕೊಲೆಯಾದವರಿಗೆ ಹೆಸರು ಕೊಟ್ಟ ಆಪರೇಟ್ರು

ಹೊಳಲ್ಕೆರೆಯಲ್ಲಿ ಒಂದು ಮನೆಯ ಮುಂಗೋಡೆಗೆ ಗಾರೆ ಹಾಕುತ್ತ ಸಾರುವೆಯ ಮೇಲೆ ನಿಂತಿದ್ದಾಗ ಶ್ರೀರಾಂಪುರದಿಂದ ಫೋನು ಬಂತು. ಆಪರೇಟ್ರು ಹೋದರು ಎಂದು ಅವರ ಪಕ್ಕದ ಮನೆಯವರು ಹೇಳಿದರು. ಕಲಸಿಟ್ಟ ಗಾರೆ ಕಾಯುವುದಿಲ್ಲ, ಬಿಟ್ಟರೆ ಕಲ್ಲಾಗುತ್ತದೆ. ಕೆಲಸ ಕಲಿತವನು ಯಾವ ಸುದ್ದಿ ಬಂದರೂ ಬಾಂಡಲಿಯಲ್ಲಿ ಇರುವುದನ್ನು ಮುಗಿಸಿಯೇ ಇಳಿಯುತ್ತಾನೆ. ಇದ್ದಷ್ಟನ್ನು ಗೋಡೆಗೆ ಹಾಕಿ, ಮಟ್ಟ ಎಳೆದು, ಕರಣೆ ತೊಳೆದಿಟ್ಟು ಆಮೇಲೆ ಇಳಿದೆ. ಅಷ್ಟು ಹೊತ್ತೂ ಅವರ ಮುಖ ನನ್ನ ಕಣ್ಣಿಗೆ ಕಟ್ಟಲಿಲ್ಲ. ಕಿವಿಯಲ್ಲಿ ಅವರ ದನಿ ಇತ್ತು. ಆ ದನಿ ಅವರ ಗಂಟಲು ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿರಿಯೂರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಟಾಕೀಸಿನ ಮಾಲೀಕರಿಂದ ಹಿಡಿದು ಶೇಂಗಾ ಮಾರುವವನ ತನಕ ಎಲ್ಲರಿಗೂ ಆಪರೇಟ್ರು. ಕ್ಯಾಬಿನ್ನಿನಲ್ಲಿ ಮಿಷನ್ನು ಓಡಿಸಿ ಪರದೆಯ ಮೇಲೆ ಪಿಕ್ಚರ್ ಬಿಡುವುದು ಅವರ ಕೆಲಸ. ಆ ಟಾಕೀಸು ಈಗಿಲ್ಲ, ಆ ಜಾಗದಲ್ಲಿ ಟೈಲ್ಸ್ ಅಂಗಡಿ ಇದೆ.

ಕ್ಯಾಬಿನ್ನಿನ ಗೋಡೆ ಮಿಷನ್ನಿನ ಅದುರಿಗೆ ಸೀಳು ಬಿಟ್ಟಿದೆ, ಬಂದು ಸರಿಮಾಡು ಎಂದು ಮಾಲೀಕರು ನನಗೆ ಹೇಳಿಕಳಿಸಿದ್ದರು. ನನಗಾಗ ಮದುವೆಯಾಗಿ ಎರಡನೇ ಮಗು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಮದಕರಿಪುರದಿಂದ ಹೊರಟವನು, ಆ ಹೊತ್ತಿಗೆ ಸ್ವಂತ ನಾಲ್ಕು ಆಳು ಇಟ್ಟುಕೊಂಡು ಕೆಲಸ ಹಿಡಿಯುತ್ತಿದ್ದೆ. ಗೋಡೆ ರಿಪೇರಿ ಇದೆಯೆಂದು ಶೋ ನಿಲ್ಲಿಸುವ ಜಾತಿಯವರಲ್ಲ ಆ ಮಾಲೀಕರು. ಹೀಗಾಗಿ ನಾನು ಒಳಗೆ ಗೋಡೆ ಕೆತ್ತುತ್ತಿದ್ದಾಗಲೇ ಮಾರ್ನಿಂಗ್ ಶೋ ಶುರುವಾಯಿತು. ಕೆತ್ತುವುದು ನಿಲ್ಲಿಸಿ ಕಿಂಡಿಯಲ್ಲಿ ಇಣುಕಿದೆ.

ಬಿಳೀ ಹೆಂಗಸೊಬ್ಬಳು ಫೋನಿನಲ್ಲಿ ಮಾತಾಡುತ್ತಿದ್ದಳು. ತುಟಿ ನಿಂತ ಮೇಲೆ ಮಾತು ಬರುತ್ತಿತ್ತು. ಕೆಲವು ಸಲ ಮಾತು ಮೊದಲು, ತುಟಿ ಆಮೇಲೆ.

"ಆಪರೇಟ್ರೇ, ಮಿಷನ್ನು ಕೆಟ್ಟೈತೆ ನೋಡ್ರಿ. ಬಾಯಿ ಮುಚ್ಚಿದ ಮ್ಯಾಲೆ ಮಾತು ಬರ್ತೈತೆ," ಅಂದೆ.

ಅವರು ಬೆನ್ನು ತಿರುಗಿಸದೆಯೇ, "ನನ್ನ ಮಿಷನ್ನು ಸರಿ ಐತೆ ಮೇಸ್ತ್ರಿ. ಆ ದೇಶದೋರು ಮಾಡಿರಾದೇ ಹಂಗೆ," ಅಂದರು.

ಆ ದೇಶ ಅಂದರೆ ಇಟಲಿ. ಹಳೆಯ ಕೊಲೆ ಪಿಕ್ಚರುಗಳು. ಒಬ್ಬನೇ ಕೊಲೆಗಾರ, ಒಂದರ ಹಿಂದೆ ಒಂದು ಕೊಲೆ, ಕಪ್ಪು ಗ್ಲೌಸು ಹಾಕಿದ ಕೈ, ಕೈಯಲ್ಲಿ ಕ್ಷೌರದ ಕತ್ತಿ. ಕೊನೆಯ ರೀಲಿನ ತನಕ ಮುಖ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಓಡಿ ಸವೆದ ಪ್ರಿಂಟುಗಳು ಕಡೆಗೆ ನಮ್ಮಂಥ ಊರುಗಳ ಮಾರ್ನಿಂಗ್ ಶೋಗೆ ಬರುತ್ತಿದ್ದವು. ರೀಲಿನ ಪೆಟ್ಟಿಗೆಯ ಜೊತೆ ಬರುವ ಕಂಪನಿಯ ರೆಪ್ ಒಬ್ಬ ಅವರಿಗೆ ಇದನ್ನೆಲ್ಲ ತಿಳಿಸಿದ್ದನಂತೆ. ಅಲ್ಲಿ ಶೂಟಿಂಗ್ ಮಾಡುವಾಗ ಯಾರೂ ಮಾತು ಹಿಡಿಯುವುದಿಲ್ಲ. ಒಬ್ಬ ನಟ ಒಂದು ದೇಶದವನು, ನಟಿ ಇನ್ನೊಂದು ದೇಶದವಳು. ಅವನು ಅವನ ಭಾಷೆಯಲ್ಲಿ, ಇವಳು ಇವಳ ಭಾಷೆಯಲ್ಲಿ ಬಾಯಿ ಆಡಿಸುತ್ತಾರೆ. ಆಮೇಲೆ ಒಂದು ಕತ್ತಲೆ ಕೋಣೆಯಲ್ಲಿ ಬೇರೆ ಯಾರೋ ನಿಂತು ಮಾತು ತುಂಬುತ್ತಾರೆ. ಅದರ ಮೇಲೆ ಇಂಗ್ಲಿಷು ಬೇರೆ.

"ಅದರ ಮ್ಯಾಲೆ ನಂದು. ಮೊದಲು ಕಲ್ಲು, ಆಮ್ಯಾಲೆ ಗಾರೆ, ಆಮ್ಯಾಲೆ ಸುಣ್ಣ. ನೀನು ಮಾಡಾದೂ ಅದೇ ಅಲ್ವೇನಪ್ಪ?" ಎಂದು ಹೇಳಿ ಮೈಕ್ ಕೈಗೆ ತೆಗೆದುಕೊಂಡರು.

ಹೊರಗೆ ಅಡ್ಡ ನಿಂತ ಲಾರಿ ತೆಗೆಯಿರಿ, ಬೀಡಿ ಆರಿಸಿರಿ ಎಂದು ಹೇಳುವುದಕ್ಕೆ ಇದ್ದ ಮೈಕು ಅದು. ಆ ಮೈಕಿನಲ್ಲಿ ಅವರು ಪಿಕ್ಚರ್ ಓಡುತ್ತಿರುವಂತೆಯೇ ಕನ್ನಡದಲ್ಲಿ ಮಾತು ಕೊಡುತ್ತಿದ್ದರು. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಬರುತ್ತದೆಂದು ಅವರು ಹೇಳಿಕೊಂಡವರೂ ಅಲ್ಲ, ಕೇಳುವವರಿಗೆ ಅದು ಬೇಕಾಗಿಯೂ ಇರಲಿಲ್ಲ. ಲಾರಿ ಡ್ರೈವರುಗಳು, ಮಂಡಿಯ ಹಮಾಲರು, ಸಂತೆಗೆ ಕುರಿ ಹೊಡೆದುಕೊಂಡು ಬಂದವರು ಗಾಂಧಿ ಕ್ಲಾಸಿನಲ್ಲಿ ಕಾಲು ಚಾಚಿ ಕೂತಿರುತ್ತಿದ್ದರು. ಪೊಲೀಸು ಅಧಿಕಾರಿ ಚಿತ್ರದುರ್ಗದ ಪೇಟೆ ಭಾಷೆ ಆಡುತ್ತಿದ್ದ. ಬಂಗಲೆಯ ಮುದುಕಿಯ ಮಾತು ಹೊಸದುರ್ಗದ ಕಡೆಯದು.

ಕೊಲೆಗಾರನಿಗೆ ಮಾತ್ರ ಅವರು ಮಾತು ಕೊಡುತ್ತಿರಲಿಲ್ಲ. ಅವನು ಫೋನಿನಲ್ಲಿ ಪಿಸುಗುಟ್ಟುವಾಗ ಮೈಕಿನ ಗುಂಡಿ ಒತ್ತಿ ಬಂದ್ ಮಾಡಿ ಕೂರುತ್ತಿದ್ದರು. ಏನು ಹೇಳ್ತಾನೆ ಹೇಳ್ರಿ ಎಂದು ಕೆಳಗಿನಿಂದ ಕೂಗಿದರೂ ಊಹೂಂ.

ನನಗೆ ಆ ಪಿಕ್ಚರುಗಳಲ್ಲಿ ಹಿಡಿಸಿದ್ದು ಗೋಡೆಗಳು. ನಮ್ಮ ಸಿನಿಮಾದ ಮನೆ ನಿನ್ನೆ ತಾನೇ ಬಣ್ಣ ಹೊಡೆದ ಹಾಗಿರುತ್ತದೆ. ಅಲ್ಲಿ ಹಾಗಲ್ಲ. ಉಪ್ಪು ಹಿಡಿದು ಉದುರುವ ಗಾರೆ, ನೀರು ಜಿನುಗಿ ಕಪ್ಪಾದ ಮೂಲೆ, ಸುತ್ತಿ ಸುತ್ತಿ ಇಳಿಯುವ ಕಲ್ಲಿನ ಮೆಟ್ಟಿಲು, ಸವೆದ ಕಮಾನು. ಒಂದೇ ಬಲ್ಬಿನ ಬೆಳಕು, ಚಿತ್ರದ ತುಂಬ ಮರಳು ಎರಚಿದಂಥ ಕಾಳು ಕಾಳು. ಸೆಟ್ ಹಾಕಲು ದುಡ್ಡಿಲ್ಲದೆ ನಿಜವಾದ ಓಣಿಗಳಲ್ಲೇ ತೆಗೆದದ್ದಂತೆ. ರಕ್ತ ಮಾತ್ರ ಅಪ್ಪಟ ಸುಳ್ಳು. ಅದು ರೆಡ್ ಆಕ್ಸೈಡ್ ಕಣ್ರಿ, ನಾನು ನೆಲಕ್ಕೆ ಹಾಕೋದು ಅದೇ ಬಣ್ಣ ಎಂದು ನಾನು ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಅಂದಿನಿಂದ ಪರದೆಯ ಮೇಲೆ ಕೊಲೆಯಾದಾಗೆಲ್ಲ ನನ್ನ ಕಡೆ ತಿರುಗಿ, "ಮೇಸ್ತ್ರಿ, ನಿನ್ನ ಸಾಮಾನು ಚೆಲ್ಲಿದ್ರು," ಅನ್ನುತ್ತಿದ್ದರು. ಗೋಡೆಯ ಕೆಲಸ ಮುಗಿದ ಮೇಲೂ ಹಿರಿಯೂರಿನ ಕಡೆ ಕೆಲಸವಿದ್ದಾಗಲೆಲ್ಲ ನಾನು ಆ ಕ್ಯಾಬಿನ್ನಿಗೆ ಹೋಗುತ್ತಿದ್ದೆ.

ಮೈಕು ಹಿಡಿಯುವುದು ಅವರಿಗೆ ಹೇಗೆ ಶುರುವಾಯಿತು ಎಂಬುದನ್ನು ಒಂದೇ ಸಲ ಹೇಳಿದ್ದರು. ಅಂಥ ಮೊದಲ ಪಿಕ್ಚರಿನಲ್ಲಿ ಒಬ್ಬ ಹುಡುಗಿಯನ್ನು ಮೆಟ್ಟಿಲ ಮೇಲೆ ಕೊಲ್ಲುತ್ತಾರೆ. ಪ್ರಿಂಟಿನಲ್ಲಿ ದನಿ ಜಾರಿತ್ತು. ಹುಡುಗಿ ಬಿದ್ದು, ಕಣ್ಣು ಮುಚ್ಚಿ, ಎಲ್ಲ ಮುಗಿದ ಮೇಲೆ ಅವಳ ಚೀರಾಟ ಕೇಳಿಸಿತು. ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಕ್ಕಿತು, ಶಿಳ್ಳೆ ಹೊಡೆಯಿತು. ಇವರಿಗೆ ತಡೆಯಲಾಗಲಿಲ್ಲ. ಮೈಕು ತೆಗೆದುಕೊಂಡು ಅಂದರಂತೆ:

"ನಗಬ್ಯಾಡ್ರಪ್ಪ. ಆಯಮ್ಮಂಗೆ ಒಂದು ಹೆಸರೈತೆ. ಸರೋಜ ಅಂತ. ಹಿರೇಗುಂಟನೂರಿನೋಳು. ಮನೇಲಿ ತಂಗಿ ಕಾಯ್ತಾ ಅವ್ಳೆ."

ಟಾಕೀಸು ಗಪ್ಪನೆ ಸುಮ್ಮನಾಯಿತಂತೆ. ಶೋ ಬಿಟ್ಟ ಮೇಲೆ ಕಂಬಳಿ ಹೊದ್ದ ಹಿರಿಯರೊಬ್ಬರು, ಕುರಿ ಮಾರಲು ಬಂದವರು, ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದು, ಹಿರೇಗುಂಟನೂರಿನಲ್ಲಿ ಯಾರ ಮನೆಯವಳು, ನಮ್ಮ ಬೀಗರು ಅಲ್ಲೇ ಅವರೆ, ಸುದ್ದಿ ಮುಟ್ಟಿಸಬೇಕಲ್ಲ ಎಂದು ಕೇಳಿದರು. ಇದು ಪಿಕ್ಚರ್ ಅಜ್ಜಾ ಎಂದು ಇವರು ಹೇಳಿದರೆ, ಪಿಕ್ಚರ್ ಅನ್ನೋದು ನನಗೂ ಗೊತ್ತಪ್ಪ, ಹೆಸರು ಹೇಳಿದೆಯಲ್ಲ, ಅದಕ್ಕೇ ಕೇಳಿದೆ ಎಂದು ಅವರು ಇಳಿದು ಹೋದರಂತೆ. ಆಪರೇಟ್ರು ಅವತ್ತು ಊಟ ಮಾಡಲಿಲ್ಲ. ಮುಂದೆ ಸತ್ತವರಿಗೆಲ್ಲ ಹೆಸರು ಕೊಟ್ಟರು, ಊರು ಕೊಟ್ಟರು. ರತ್ನ, ಗಿರಿಜ, ಪುಟ್ಟಮ್ಮ. ಒಬ್ಬಳು ಟೈಲರಿಂಗ್ ಕಲಿಯುತ್ತಿದ್ದಳು. ಇನ್ನೊಬ್ಬಳಿಗೆ ಹುಳಿಮಾವು ಎಂದರೆ ಪ್ರಾಣ. ಕತ್ತಿ ಮೇಲೆ ಬರುವಷ್ಟರಲ್ಲಿ ಇದಿಷ್ಟನ್ನೂ ಹೇಳಿಬಿಡಬೇಕು. ಅದಕ್ಕಾಗಿ ಒಂದೊಂದು ಪಿಕ್ಚರನ್ನು ಹಿಂದಿನ ದಿನವೇ ಒಬ್ಬರೇ ಹಾಕಿ ನೋಡಿಕೊಳ್ಳುತ್ತಿದ್ದರು.

ಮಾಲೀಕರು ಮೊದಮೊದಲು ಗೊಣಗಿದರು. ರಕ್ತ ನೋಡೋಕೆ ಬಂದವರಿಗೆ ಇವನು ಹರಿಕಥೆ ಹೇಳ್ತಾನೆ ಅಂದರು. ಜನ ಕಡಿಮೆಯಾಗಲಿಲ್ಲ, ಅವರೂ ಸುಮ್ಮನಾದರು. ಒಮ್ಮೆ ಪೆಟ್ಟಿಗೆಯಲ್ಲಿ ರೀಲಿನ ಡಬ್ಬಗಳು ಅದಲುಬದಲಾಗಿ, ಕೊಲೆಗಾರನ ಮುಖ ಇಂಟರ್ವೆಲ್ಲಿಗೆ ಮೊದಲೇ ಕಂಡುಬಿಟ್ಟಿತು. ನಾನು ಸರಿಯಾದ ಡಬ್ಬ ಹುಡುಕಲು ಎದ್ದೆ. ಇವರು ಮಾತ್ರ ನಿಧಾನಕ್ಕೆ, ಇದು ಪೊಲೀಸಪ್ಪನ ಕನಸು, ಬಡಪಾಯಿಯ ಮೇಲೆ ಸುಮ್ಮನೆ ಅನುಮಾನ ಪಡ್ತಾವ್ನೆ ಎಂದು ಹೇಳಿ ಮುಂದಕ್ಕೆ ಹೋದರು. ಆಮೇಲೆ ಟೀ ಅಂಗಡಿಯಲ್ಲಿ ಇಬ್ಬರು ಡ್ರೈವರುಗಳು ಆ ಬಡಪಾಯಿಯ ಪರವಾಗಿ ವಾದ ಮಾಡುತ್ತಿದ್ದರು.

ಇಷ್ಟು ಮಾತಾಡುವ ಮನುಷ್ಯ ಮನೆಯಲ್ಲಿ ಮೂಕಪ್ಪ. ಜ್ಯೇಷ್ಠಮಧುವಿನ ಕಡ್ಡಿಯೊಂದನ್ನು ದವಡೆಯಲ್ಲಿಟ್ಟು, ತಲೆಯಾಡಿಸಿಯೇ ಸಂಸಾರ ಮಾಡುತ್ತಿದ್ದರು. ದನಿ ಮಾರ್ನಿಂಗ್ ಶೋಗೆ ಬೇಕು ಎಂಬುದು ಅವರ ನೆಪ. ತಣ್ಣೀರು ಕುಡಿಯರು, ಕೂಗಿ ಕರೆಯರು. ಅಕ್ಕ, ಅಂದರೆ ಅವರ ಹೆಂಡತಿ, ಇದಕ್ಕೆಲ್ಲ ತದ್ವಿರುದ್ಧ. ಮನೆಗೆ ಹೋದರೆ ಒಲೆಯ ಮುಂದಿನಿಂದಲೇ ಊರಿನ ಸುದ್ದಿಯೆಲ್ಲ ಹೇಳಿ ಮುಗಿಸುತ್ತಿದ್ದರು. ಮಕ್ಕಳಿಲ್ಲದ ಮನೆ. ಮಾತಿನ ಭಾರವೆಲ್ಲ ಒಬ್ಬರ ಮೇಲೆಯೇ. "ನೋಡು ತಮ್ಮ, ಇವರ ಮಾತೆಲ್ಲ ಆ ಬಿಳೇ ಹೆಂಗಸ್ರಿಗೇ ಖರ್ಚಾಗಿ ಹೋತು. ನನಗೆ ಉಳ್ದಿದ್ದು ಹ್ಞೂಂ, ಊಹೂಂ," ಎಂದು ನನ್ನ ಹತ್ತಿರ ದೂರುತ್ತಿದ್ದರು. ಅವರು ಒಮ್ಮೆಯೂ ಮಾರ್ನಿಂಗ್ ಶೋಗೆ ಬಂದವರಲ್ಲ. ಹೆಂಗಸರು ಬರುವ ಆಟವಲ್ಲ ಅದು.

ಟಾಕೀಸು ಮುಚ್ಚಿದ ಮೇಲೆ ಗಂಡ ಹೆಂಡತಿ ಶ್ರೀರಾಂಪುರದ ಸ್ವಂತ ಮನೆಗೆ ಬಂದರು. ಅದರ ಗಾರೆ ಕೆಲಸ ನನ್ನದೇ. ಹೋಗಿ ನೋಡಿ, ಇವತ್ತಿಗೂ ಒಂದು ಎಳೆ ಬಿರುಕಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಮೊಬೈಲ್ ಕರೆನ್ಸಿ ಅಂಗಡಿ ಇಟ್ಟುಕೊಂಡು, ಬಿಡುವಿನಲ್ಲಿ ಅದೇ ಹಳೇ ಪಿಕ್ಚರುಗಳನ್ನು ಫೋನಿನಲ್ಲಿ ಹುಡುಕಿ ನೋಡುತ್ತಿದ್ದರು. ನಾನು ಹೋದರೆ ಫೋನಿನ ದನಿ ಪೂರ್ತಿ ಇಳಿಸಿ ತಾವೇ ಮಾತು ಕೊಡುತ್ತಿದ್ದರು. ಹಾಗೊಂದು ದಿನ ಕೊಡುತ್ತಿರುವಾಗ ದನಿ ಒಡೆಯಿತು. ನೆಗಡಿ ಅಂದುಕೊಂಡೆವು. ಅದು ಸರಿಹೋಗಲಿಲ್ಲ.

ದಾವಣಗೆರೆಯಲ್ಲಿ ತೋರಿಸಿದಾಗ ಗಂಟಲಿನೊಳಗೆ ಗಂಟು ಇದೆ ಎಂದು ಗೊತ್ತಾಯಿತು. ದನಿಪೆಟ್ಟಿಗೆ ಪೂರ್ತಿ ತೆಗೆದರೆ ಬದುಕುತ್ತಾರೆ, ಆದರೆ ಮತ್ತೆ ಮಾತು ಬರುವುದಿಲ್ಲ. ತೆಗೆಸದಿದ್ದರೆ ಬಹಳ ದಿನ ಇಲ್ಲ. ಡಾಕ್ಟರು ಬಿಡಿಸಿ ಹೇಳಿದರು. ಇವರು ಕೈ ಮುಗಿದು ಎದ್ದು ಬಂದುಬಿಟ್ಟರು. ಅಕ್ಕ ನನಗೆ ಫೋನು ಮಾಡಿ, ನೀನು ಹೇಳಿದರೆ ಕೇಳುತ್ತಾರೆ, ಬಾರಪ್ಪ ಎಂದು ಅತ್ತರು. ಕೆಲಸ ಆಳುಗಳಿಗೆ ವಹಿಸಿ ಹೋದೆ.

ಅವರು ಜಗುಲಿಯ ಮೇಲೆ ಕೂತಿದ್ದರು. ದನಿ ಆಗಲೇ ಗರಗಸದಿಂದ ಮರ ಕೊಯ್ದಂತೆ ಇತ್ತು. ನನಗೆ ತಿಳಿದ ರೀತಿಯಲ್ಲಿ ಹೇಳಿದೆ. ಮನೆ ಉಳಿಯಬೇಕು ಅಂದರೆ ಒಂದು ಗೋಡೆ ಕೆಡವಬೇಕಾಗ್ತೈತೆ, ನಾನು ಎಷ್ಟು ಕೆಡವಿಲ್ಲ ಅಂದೆ.

"ಅದು ಗೋಡೆ ಅಲ್ಲಪ್ಪ ಮೇಸ್ತ್ರಿ, ಬಾಗ್ಲು," ಅಂದರು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, "ನನ್ನ ಪಿಕ್ಚರುಗಳಲ್ಲಿ ಮಾತಿಲ್ಲದೋನು ಒಬ್ಬನೇ. ಆ ಗ್ಲೌಸಿನೋನು. ಈ ವಯಸ್ಸಲ್ಲಿ ನನ್ನ ಅವನ ಪಕ್ಕ ಕೂರಿಸ್ತೀಯೇನು?"

ಗೋಡೆಯ ಮಾತು ಬಿಟ್ಟರೆ ಬೇರೆ ಮಾತು ಕಲಿತವನಲ್ಲ ನಾನು. ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಮೊರ ಪಕ್ಕಕ್ಕೆ ಸರಿಸಿದರು. ನನ್ನ ಕಡೆ ನೋಡಲಿಲ್ಲ, ಗಂಡನನ್ನೇ ನೋಡಿ ಹೇಳಿದರು:

"ಅವನ ಪಕ್ಕ ಯಾಕೆ ಕೂರ್ತೀರಿ? ಸರೋಜಂಗೂ ಮಾತಿರಲಿಲ್ಲ. ರತ್ನಂಗೂ ಇರಲಿಲ್ಲ. ಕಂಡೋರ ದೇಶದ ಹೆಂಗಸ್ರಿಗೆಲ್ಲ ನೀವು ಬಾಯಿ ಆದ್ರಿ. ನಿಮಗೆ ನಾನು ಬಾಯಿ ಆಗಲಾರ್ನಾ?"

ಆಪರೇಟ್ರು ಅವರನ್ನು ನೋಡಿದರು. ಆ ಹೆಸರುಗಳು ಇವಳಿಗೆ ಹೇಗೆ ಗೊತ್ತು ಎಂಬಂತಿತ್ತು ಆ ನೋಟ. ನಾನೇ ಅಕ್ಕನಿಗೆ ಎಷ್ಟೋ ಸಲ ಹೇಳಿದ್ದೆ. ಮಾರನೆಯ ವಾರ ದಾವಣಗೆರೆಗೆ ಹೊರಟರು. ಹೋಗುವ ಮುಂಚೆ ನನ್ನನ್ನು ಕರೆದು, ಇದು ನನ್ನ ಕಡೇ ಡೈಲಾಗು, ಚೆನ್ನಾಗಿ ಕೇಳಿಸ್ಕ ಎಂದು ಹೇಳಿ, ಕ್ಯಾಬಿನ್ನಿನಲ್ಲಿ ಪದೇ ಪದೇ ಆಡುತ್ತಿದ್ದ ಒಂದು ಒಳ್ಳೆಯ ಬೈಗುಳವನ್ನು ಬೈದರು.

ಆಪರೇಷನ್ ಆದ ಮೇಲೆ ಕುತ್ತಿಗೆಯ ಕೆಳಗೆ ಉಸಿರಾಡುವ ಒಂದು ತೂತು, ಅದರ ಮೇಲೆ ಬಿಳೀ ಬಟ್ಟೆ. ಬರೆದು ತೋರಿಸಿ ಎಂದು ಯಾರೋ ಸ್ಲೇಟು ತಂದುಕೊಟ್ಟರು, ಅವರು ಅದನ್ನು ಮಂಚದ ಕೆಳಗೆ ತಳ್ಳಿದರು. ತುಟಿ ಮಾತ್ರ ಆಡಿಸುತ್ತಿದ್ದರು. ಅಕ್ಕ ಆ ತುಟಿಯನ್ನೇ ನೋಡುತ್ತ ಮಾತು ಕೊಡುತ್ತಿದ್ದರು. ಹೀಗೆ ಅಂತಾರೆ, ಹಾಗೆ ಅಂತಾರೆ ಎಂದು ಅಲ್ಲ. ನಾನು ಎಂದೇ ಶುರು.

ಮೊದಲ ಸಲ ನೋಡಲು ಹೋದಾಗ ಆಪರೇಟ್ರು ನನ್ನ ಕಡೆ ತಿರುಗಿ ಬಹಳ ಹೊತ್ತು ತುಟಿ ಆಡಿಸಿದರು. ಕೈ ಎತ್ತಿದರು, ಹುಬ್ಬು ಗಂಟಿಕ್ಕಿದರು. ಅಕ್ಕ ಎಲ್ಲ ನೋಡಿ, "ಕುಂತ್ಕ," ಅಂದರು.

"ಅಷ್ಟುದ್ದ ಹೇಳಿದ್ರು, ಅದಿಷ್ಟೇನಾ ಅಕ್ಕ?"

"ಉಳ್ದಿದ್ದು ಬೈಗುಳ. ಬರಲಿಲ್ಲ ಅಂತ ನಿನ್ನ ಬೈದ್ರು. ಅದನ್ನ ನಾನು ಹಾಕಲ್ಲ."

ಆಪರೇಟ್ರು ಹಣೆ ಚಚ್ಚಿಕೊಂಡರು. ಸೆನ್ಸಾರ್ ಆಫೀಸು ಮನೆಗೇ ಬಂದಿದೆ ಎಂದು ನಾನು ಅಂದಾಗ ಅವರ ಭುಜ ಕುಣಿಯಿತು. ನಗುವಿಗೂ ದನಿ ಇರಲಿಲ್ಲ. ಅದನ್ನು ಅಕ್ಕ ತಾವೇ ನಕ್ಕು ತುಂಬಿದರು.

ಜಗಳ ಇನ್ನೂ ಚೆಂದ. ಅವರು ಬೈದದ್ದನ್ನೂ ಅಕ್ಕನೇ ಹೇಳಬೇಕಲ್ಲ. "ನಿನಗೆ ತಲೇಲಿ ಬುದ್ಧಿ ಇಲ್ಲ," ಎಂದು ತಮ್ಮನ್ನೇ ಬೈದುಕೊಂಡು, ಅದೇ ಉಸಿರಿನಲ್ಲಿ, "ನಿಮಗೈತಾ?" ಎಂದು ತಿರುಗಿ ಕೇಳುತ್ತಿದ್ದರು. ಓಣಿಗೆ ಹೊಸದಾಗಿ ಬಂದವರೊಬ್ಬರು, ಆ ಮನೆಯ ಹೆಂಗಸು ಒಬ್ಬಳೇ ಜಗಳ ಆಡುತ್ತಾಳೆ, ಯಾರಾದರೂ ಡಾಕ್ಟರಿಗೆ ತೋರಿಸಬಾರದೇ ಎಂದು ಕೇಳಿದ್ದರಂತೆ. ತರಕಾರಿ ಗಾಡಿಯ ಮುಂದೆ ಆಪರೇಟ್ರು, ಹೋಗಲಿ, ಕೇಳಿದಷ್ಟು ಕೊಡು ಎಂದು ತುಟಿ ಆಡಿಸಿದರೆ, ಅಕ್ಕ ಗಟ್ಟಿಯಾಗಿ, ಜಾಸ್ತಿ ಆತು, ಇಳಿಸು ಅನ್ನುತ್ತಿದ್ದರು. ಧಾರಾಳಿ ಎಂದು ಹೆಸರಾಗಿದ್ದ ಮನುಷ್ಯ ಮುಪ್ಪಿನಲ್ಲಿ ಜುಗ್ಗನಾದರು. ಮಾತು ತಪ್ಪು ಹಾಕಿದಳು ಎಂದು ನನ್ನ ಹತ್ತಿರ ಕೈಸನ್ನೆಯಲ್ಲಿ ದೂರು ಹೇಳುತ್ತಿದ್ದರು. ನೀವು ಇಟಲಿಯವರಿಗೆ ಮಾಡಿದ್ದೇನು ಸ್ವಾಮಿ ಎಂದು ಕೇಳಿದೆ.

ಹೀಗೆಯೇ ವರ್ಷಗಳು ನಡೆದವು. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ನಡೆದವು. ಹೋದ ಸಲ ನಾನು ಹೋದಾಗ ಅವರು ಬಹಳ ಇಳಿದಿದ್ದರು. ದಿಂಬಿಗೆ ಒರಗಿ ಕಣ್ಣು ಬಿಟ್ಟುಕೊಂಡಿದ್ದರು. ಅಕ್ಕ ಗಂಜಿ ಕುಡಿಸಿ, ಬಾಯಿ ಒರೆಸಿ, ಕುತ್ತಿಗೆಯ ಬಟ್ಟೆ ಬದಲಿಸಿ ಪಕ್ಕದಲ್ಲಿ ಕೂತರು. ಅಷ್ಟರಲ್ಲಿ ಅಕ್ಕ ಇದ್ದಕ್ಕಿದ್ದಂತೆ, "ನಮ್ಮ ಮನೆಯೋಳು ಇಲ್ದಿದ್ರೆ ನಾನು ಎಂದೋ ಹೋಗಿರ್ತಿದ್ದೆ ಮೇಸ್ತ್ರಿ," ಅಂದರು.

ನಾನು ಆಪರೇಟ್ರ ಮುಖವನ್ನೇ ನೋಡುತ್ತಿದ್ದೆ. ತುಟಿ ಆಡಿರಲಿಲ್ಲ.

ಆಪರೇಟ್ರು ಮೆಲ್ಲಗೆ ಅಕ್ಕನ ಕಡೆ ಕಣ್ಣು ಹೊರಳಿಸಿದರು. ಅಕ್ಕ ತಲೆ ತಗ್ಗಿಸಿ ಸೀರೆಯ ಅಂಚು ಸರಿಮಾಡಿಕೊಳ್ಳುತ್ತಿದ್ದರು. ಸುಳ್ಳು ಎಂದು ಆಪರೇಟ್ರು ಕೈ ಆಡಿಸಬಹುದಿತ್ತು. ಆಡಿಸಲಿಲ್ಲ. ನನ್ನ ಕಡೆ ತಿರುಗಿ, ಹೌದೆಂದು ತಲೆಯಾಡಿಸಿದರು.

ಮೊನ್ನೆ ಹೊಳಲ್ಕೆರೆಯಿಂದ ಬೈಕು ಹತ್ತಿ ಹೊಸದುರ್ಗದ ಮೇಲೆ ಶ್ರೀರಾಂಪುರ ಮುಟ್ಟಿದಾಗ ಹೊತ್ತು ನೆತ್ತಿಯ ಮೇಲಿತ್ತು. ಜಗುಲಿಯ ಮೇಲೆ ಮಲಗಿಸಿದ್ದರು. ಅಂಗಳದ ತುಂಬ ಜನ, ನೆರಳು ಅಷ್ಟಕ್ಕಷ್ಟೇ. ದೂರದ ಊರಿನಿಂದ ಅವರ ದೊಡ್ಡಪ್ಪನ ಮಗ ಬರಬೇಕಿತ್ತು, ಬಸ್ಸು ಎಲ್ಲೋ ನಿಂತಿತ್ತು. ಕಾಯಬೇಕು ಎಂದು ಕೆಲವರು, ಇನ್ನು ಕಾಯುವುದು ಬೇಡ ಎಂದು ಕೆಲವರು. ದೊಡ್ಡವರ ಮಾತು ಏರುತ್ತಿತ್ತು. ಬೆಳಗಿನಿಂದ ಯಾರೂ ಒಂದು ತೊಟ್ಟು ನೀರು ಕುಡಿದಿರಲಿಲ್ಲ. ಗುಂಡಿ ತೋಡಿದವರು ಬಂದು ಬೇಲಿಯ ಹತ್ತಿರ ನಿಂತಿದ್ದರು. ನೀವೇ ಹೇಳ್ರಿ ತಾಯಿ ಎಂದು ಯಾರೋ ಅಕ್ಕನನ್ನು ಕೇಳಿದರು.

ಬೆಳಗಿನಿಂದ ಅಕ್ಕ ಒಂದು ಮಾತೂ ಆಡಿರಲಿಲ್ಲವಂತೆ. ಕೇಳಿದವರ ಕಡೆ ಅವರು ತಿರುಗಲಿಲ್ಲ. ಗಂಡನ ಮುಖದ ಹತ್ತಿರ ಬಗ್ಗಿ, ದಿನಾ ನೋಡುತ್ತಿದ್ದ ಹಾಗೆಯೇ, ಆ ತುಟಿಯನ್ನು ನೋಡಿದರು. ನೊಣ ಕೂರದಂತೆ ಸೆರಗು ಬೀಸುತ್ತಿದ್ದ ಕೈ ನಿಂತಿತು. ಆಮೇಲೆ ತಲೆಯೆತ್ತಿ, ದನಿ ನಡುಗದ ಹಾಗೆ ಹೇಳಿದರು:

"ಬಿಸಿಲು ಜಾಸ್ತಿ ಆತು. ನಿಮಗೆಲ್ಲ ಹೊಟ್ಟೆ ಹಸ್ದಿರ್ತೈತೆ. ನನ್ನ ಎತ್ರಪ್ಪ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಿರಿಯರು ಟವೆಲು ಕೊಡವಿ ಎದ್ದರು. ನಾನು ಮುಂದಕ್ಕೆ ಹೋಗಿ ತಲೆಯ ಕಡೆ ಹೆಗಲು ಕೊಟ್ಟೆ.